ಅತ್ತೆಯ ಮನೆಗೆ ಬಂದ ಹಸಿರು ಚುಕ್ಕೆಗಳು

ತಲೆ ತುಂಬ ಸೆರಗು ಹೊದ್ದು ಕಂಪ್ಯೂಟರಿಗೆ ಮರ್ಯಾದೆ ಕೊಡುವ ಹೆಂಗಸನ್ನು ನೀವು ನೋಡಿದ್ದೀರಾ? ಇಲ್ಲವೆಂದಾದರೆ ನಿಮಗೆ ನಮ್ಮ ಸೋದರತ್ತೆಯ ಪರಿಚಯವಿಲ್ಲ. ಬಂದವರನ್ನು ಉಣ್ಣಿಸದೆ ಕಳಿಸಿದರೆ ತನಗೆ ಮೋಕ್ಷ ತಪ್ಪುತ್ತದೆಂದು ನಂಬಿದವಳು ಆಕೆ. ಅಂಥವಳ ಕೈಗೆ ನಾನು ವೆಬ್‌ಸೈಟ್ ಕೊಟ್ಟೆ. "ಮಂಗ್ಯಾನ ಕೈಯಾಗ ಮಾಣಿಕ ಕೊಟ್ಟಂಗಾತು" ಎಂದರು ನಮ್ಮ ಮಾವ. ಮಂಗ ಯಾರೆಂದು ಮಾತ್ರ ಅತ್ತೆಯ ಎದುರಿಗೆ ಬಿಡಿಸಿ ಹೇಳಲಿಲ್ಲ!

ನಾನಾಗ ಕಾಗವಾಡದಲ್ಲಿ ಕಂಪ್ಯೂಟರ್ ಕಲಿಸುತ್ತ, ಶೇಡಬಾಳದ ಅತ್ತೆಯ ಮನೆಯಲ್ಲಿ ಉಳಿದಿದ್ದೆ. ಮನೆಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿತ್ತು. ಉಳ್ಳಾಗಡ್ಡಿ, ಬಳ್ಳೊಳ್ಳಿ ಸೋಕದ ನಮ್ಮ ಜೈನರ ಅಡುಗೆಗಳನ್ನು ಅತ್ತೆ ಹೇಳಿದಳು, ನಾನು ಕನ್ನಡದಲ್ಲಿ ಟೈಪು ಮಾಡಿ ವೆಬ್‌ಸೈಟ್ ಕಟ್ಟಿದೆ. ಚೆಂದಕ್ಕಿರಲಿ ಎಂದು ಮೂಲೆಯಲ್ಲೊಂದು ಜಗತ್ತಿನ ನಕಾಶೆ ಕೂಡಿಸಿದೆ. ಯಾರಾದರೂ ಸೈಟು ತೆರೆದ ಕ್ಷಣವೇ ಅವರ ಊರಿನ ಮೇಲೆ ಹಸಿರು ಚುಕ್ಕೆ ಮಿನುಗುತ್ತದೆ. ಯಾವ ಪುಟ ಓದುತ್ತಿದ್ದಾರೆ, ಎಷ್ಟು ಹೊತ್ತಿನಿಂದ ಎಂಬುದೂ ಕೆಳಗೆ ಕಾಣುತ್ತದೆ.

ಮೊದಲ ಚುಕ್ಕೆ ಬೆಂಗಳೂರಿನ ಮೇಲೆ ಮೂಡಿತು. "ಯಾರೋ ಬಂದಾರಲೇ ತಮ್ಮಾ!" ಎಂದು ಅತ್ತೆ ಸೆರಗು ಹೊದ್ದೇ ಬಿಟ್ಟಳು. "ಯಾರಂತ ಅವರು?"

"ನೀನs ಅತ್ತಿ! ನಮ್ಮ ಲೈನು ಬೆಂಗಳೂರಿನ ಮ್ಯಾಲ ಹಾದು ಹೋಗ್ತೈತಿ, ಅದಕ್ಕ ಹಂಗ ತೋರಸ್ತೈತಿ."

ಮಾವ ದ್ರಾಕ್ಷಿ ಆರಿಸುವುದನ್ನು ಬಿಟ್ಟು ತಲೆಯೆತ್ತಿದರು. "ಲಗ್ನ ಆದಾಗಿಂದ ಬೆಂಗಳೂರು ತೋರಸ್ರಿ ಅಂತಿದ್ದೆಲ್ಲ, ಪುಕಟ ಮುಟ್ಟಿದಿ ನೋಡು!"

ಆಮೇಲೆ ನಿಜವಾದ ಮಂದಿ ಬರತೊಡಗಿದರು. ಒಂದು ಚುಕ್ಕೆ ಪುಣೆಯಲ್ಲಿ ಮಿನುಗಿ ಕಣ್ಣು ಮಿಟುಕಿಸುವುದರಲ್ಲಿ ಆರಿಹೋಯಿತು. ಅತ್ತೆಗೆ ಘೋರ ಅವಮಾನ! "ಚಪ್ಪಲಿ ಸೈತ ಕಳೀಲಿಲ್ಲ, ಹಂಗs ಹೋದ್ರು. ನಾವೇನ್ ಅಂದ್ವಿ ಅವರಿಗೆ?" ಸಮಾಧಾನಕ್ಕೆ ನಾನು ಮೊದಲ ಪುಟದ ನೆತ್ತಿಯ ಮೇಲೆ "ಬರ್ರಿ, ಕೂಡ್ರಿ, ನೀರು ಕುಡೀರಿ" ಎಂದು ಬರೆಯಬೇಕಾಯಿತು. ಮಿರಜ, ಸಾಂಗ್ಲಿಯವರಿಗೆ ಬೇಜಾರಾಗಬಾರದೆಂದು ಅದರ ಪಕ್ಕದಲ್ಲೇ "ಯಾ, ಬಸಾ" ಎಂದು ಮರಾಠಿಯಲ್ಲೂ!

ದೊಡ್ಡ ಜಗಳವಾದದ್ದು ಒಂದು ಸಂಜೆ. ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ ಅದು. ದೀಪ ಹಚ್ಚಿ ಬಂದ ಅತ್ತೆ ನೋಡುತ್ತಾಳೆ, ಚುಕ್ಕೆಗಳು ಮಿನುಗುತ್ತಲೇ ಇವೆ.

"ಬಂದ್ ಮಾಡಲೇ! ಈಗ ಉಂಡ್ರ ಪಾಪ ಯಾರಿಗೆ? ಕಲಿಸಿದಾಕಿಗೆ!"

"ಅಮೇರಿಕಾದಾಗ ಈಗ ಮುಂಜಾನೆ, ಅತ್ತಿ."

ಅತ್ತೆ ಯೋಚಿಸಿದಳು. "ಹಂಗಾರ ಅವರು ನಾಷ್ಟಾ ಮಾಡ್ಲಿ. ಸಾಂಗ್ಲಿಯವರನ್ನಷ್ಟ ಹೊರಗ ಹಾಕು!"

ಸಾಂಗ್ಲಿಯನ್ನು ಹೇಗೆ ಹೊರಗೆ ಹಾಕುವುದು? ಕೊನೆಗೆ ಪ್ರತಿ ಪುಟದ ಕೆಳಗೂ "ಹೊತ್ತು ಮುಳುಗಿದ ಮೇಲೆ ಓದಬಹುದು, ಉಣ್ಣಬಾರದು" ಎಂದು ಹಾಕಿ ರಾಜಿಯಾದೆವು. ಅಂದು ರಾತ್ರಿ ಅತ್ತೆ ನಿಶ್ಚಿಂತೆಯಿಂದ ಮಲಗಿದಳು. ಸಾಂಗ್ಲಿಯವರ ಗತಿ ಗೊತ್ತಿಲ್ಲ.

ಹೀಗೆ ನಗುತ್ತಿದ್ದಾಗಲೇ ನಾಗಪುರದ ಮೇಲೊಂದು ಚುಕ್ಕೆ ಬಂತು. ದಿನಾ ಮಧ್ಯಾಹ್ನ ಬರುತ್ತಿತ್ತು. ಹೋಳಿಗೆ, ಮಾದಲಿ ಯಾವುದನ್ನೂ ನೋಡುತ್ತಿರಲಿಲ್ಲ. ಅಕ್ಕಿ ನುಚ್ಚಿನ ಗಂಜಿಯ ಪುಟ ತೆರೆದು ತಾಸುಗಟ್ಟಲೆ ಕೂಡುತ್ತಿತ್ತು.

"ಗಂಜಿ ಮಾಡಾಕ ಅಷ್ಟೊತ್ತು ಬೇಕೇನ?" ಎಂದು ನಾನು ನಕ್ಕೆ. ಅತ್ತೆ ನಗಲಿಲ್ಲ.

"ಯಾರಿಗೋ ಜಡ್ಡಾಗೇತಿ. ಇವರು ಮಾಡಿ ಕೊಡಾಕತ್ತಾರ, ಅವರು ಒಲ್ಲೆ ಅನ್ನಾಕತ್ತಾರ. ಬರಿ ತಮ್ಮಾ: ಗಂಜಿ ತಿಳಿ ಮಾಡ್ರಿ, ಚಮಚೆಲೆ ಗುಟುಕು ಗುಟುಕು ಹಾಕ್ರಿ. ಒಲ್ಲೆ ಅಂದ್ರ ಸಿಟ್ಟಾಗಬ್ಯಾಡ್ರಿ, ಜರಾ ತಡದು ಮತ್ತ ಕೇಳ್ರಿ."

ಬರೆದೆ. ಕೆಲವು ದಿನ ಚುಕ್ಕೆ ಬಂತು. ಆಮೇಲೆ ಬರಲಿಲ್ಲ. ಅತ್ತೆಯ ತಾಟಿನಲ್ಲಿ ರೊಟ್ಟಿ ಉಳಿಯತೊಡಗಿತು. ಬಸದಿಗೆ ಹೋದಾಗ ಯಾರ ಹೆಸರಲ್ಲಿ ಕೈ ಮುಗಿಯುತ್ತಿದ್ದಳೋ, ಹೆಸರು ಆಕೆಗಾದರೂ ಎಲ್ಲಿ ಗೊತ್ತಿತ್ತು?

ಒಂದು ಮಧ್ಯಾಹ್ನ ನಾಗಪುರ ಮತ್ತೆ ಮಿನುಗಿತು. ಗಂಜಿಯ ಪುಟವಲ್ಲ, ಶೇಂಗಾ ಹೋಳಿಗೆ!

"ಬಾಯಿ ರುಚಿ ಬಂತು," ಎಂದಳು ಅತ್ತೆ. "ಏನರ ತಿನ್ನಬೇಕು ಅಂದಾರ."

ನಾಗಪುರದಲ್ಲಿ ಲಕ್ಷಾಂತರ ಜನರಿದ್ದಾರೆ, ಇದು ಬೇರೆ ಯಾರೋ ಇರಬಹುದು ಎಂದು ಹೇಳಲು ನಾನು ಬಾಯಿ ತೆರೆದೆ. ಸದಾ ಚೇಷ್ಟೆ ಮಾಡುವ ಮಾವ ಮೆಲ್ಲಗೆ ನನ್ನ ಹೆಗಲು ಒತ್ತಿದರು. ನಾನು ಕೀಬೋರ್ಡಿನತ್ತ ತಿರುಗಿದೆ.

"ಹೋಳಿಗಿ ಪುಟದಾಗ ಕೂಡಸು," ಎಂದಳು ಅತ್ತೆ ಕಣ್ಣೊರೆಸಿಕೊಳ್ಳುತ್ತ. "ಜಡ್ಡಿನಿಂದ ಎದ್ದವರು ಅರ್ಧಾ ಹೋಳಿಗಿ ಅಷ್ಟ ತಿನ್ನಬೇಕು. ತುಪ್ಪ ಬ್ಯಾಡ."

ಟೈಪು ಮಾಡಿ ಕೈ ತೆಗೆಯುವಷ್ಟರಲ್ಲಿ ತಡೆದಳು.

"ಇನ್ನೊಂದು ಸಾಲು ಐತಿ. ಉಳದ ಅರ್ಧಾ, ಬಾಜೂಕ ಕುಂತು ಉಣಿಸಿದವರಿಗೆ. ಅದಕ್ಕ ತುಪ್ಪ ಭಾಳ ಹಾಕ್ರಿ."