ಹೆಣ್ಣುಮಕ್ಕಳ ಲೀಗಿಗೆ ನಾನು ಸ್ಕೋರ್ ಬರೆದದ್ದು

ನಗು ಬರಿಸುವ ಸಂಗತಿಗಳು ನಗುವ ಸ್ವಭಾವದವರನ್ನೇ ಹುಡುಕಿಕೊಂಡು ಹೋಗುತ್ತವೆ ಎಂದು ನಂಬಿದ್ದೆ. ಹಾಗೇನಿಲ್ಲ. ಪೆನ್ಸಿಲ್ ಹಿಡಿದು ಬೇವಿನ ಮರದ ಕೆಳಗೆ ಸುಮ್ಮನೆ ಕೂತವನ ಮುಂದೆಯೂ ಅವು ಬಂದು ನಿಲ್ಲುತ್ತವೆ.

ನಾನು ಅಹಮದಾಬಾದಿನಲ್ಲಿ ಗಣಿತದ ಮಾಸ್ತರ. ಹೆಂಡತಿಗೆ ಬ್ಯಾಂಕಿನಲ್ಲಿ ಇಲ್ಲಿಗೆ ವರ್ಗವಾದಾಗ ಅವಳ ಹಿಂದೆ ಬಂದವನು. ಕ್ರಿಕೆಟ್ ಅವಳ ಹುಚ್ಚು. ನನಗೆ ಸ್ಕೋರ್ ಬರೆಯಲು ಕಲಿಸಿದವಳೂ ಅವಳೇ. ಅವಳು ತೀರಿಹೋಗಿ ಎರಡು ವರ್ಷವಾಯಿತು. ಅಹಮದಾಬಾದ್, ವಡೋದರಾ, ಸೂರತ್‌ಗೆ ಒಂದೊಂದು ತಂಡ ಕಟ್ಟಿ, ಆಡುವವರಿಗೆ ಸಂಬಳ ಕೊಡುವ ಮಹಿಳಾ ಲೀಗೊಂದನ್ನು ಕೆಲವರು ಶುರು ಮಾಡಿದರು. ನಿಯಮಾವಳಿ ಬರೆದುಕೊಟ್ಟು ಆಯ್ಕೆ ಪಂದ್ಯಗಳ ಸ್ಕೋರ್ ನೋಡಿಕೊಳ್ಳಲು, ತಪ್ಪು ಮಾಡದ ಒಬ್ಬ ಮಾಸ್ತರು ಬೇಕು ಎಂದರು. ಮನೆಯಲ್ಲಿ ಭಾನುವಾರಗಳು ಬಹಳ ಉದ್ದವಾಗಿದ್ದವು. ಒಪ್ಪಿಕೊಂಡೆ.

ಇನ್ನೊಂದು ಕಾರಣವೂ ಇತ್ತು. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯಲ್ಲಿ ನಮ್ಮ ಕಟ್ಟಡದ ಎದುರಿಗೆ ಒಂದು ಉಡುಪಿ ಹೋಟೆಲಿದೆ. ಅಲ್ಲಿಯ ದೋಸೆ ಭಟ್ಟರ ಮಗಳು ವಿಕೆಟ್ ಕೀಪರ್. ಆರು ವರ್ಷ, ಸಂಜೆ ಹೊತ್ತು, ಪಾರ್ಕಿಂಗ್ ಜಾಗದಲ್ಲಿ ನಿಂತು ಅವಳಿಗೆ ಕೀಪಿಂಗ್ ಕಲಿಸಿದ್ದು ನನ್ನ ಹೆಂಡತಿ. ಅವಳಿಗೆ ಇದ್ದ ಶಿಷ್ಯೆ ಈ ಹುಡುಗಿ ಒಬ್ಬಳೇ. ಭಟ್ಟರು ನನಗೆ ಖಂಡಿತವಾಗಿ ಹೇಳಿದ್ದರು: "ಕಾಣಿ ಮಾಸ್ಟ್ರೇ, ಈ ಲೀಗಿಗೆ ತಕಂಡ್ರೆ ಆಡ್ಲಿ. ಇಲ್ದಿದ್ರೆ ಜೂನಿಗೆ ಊರಿಗೆ, ನರ್ಸಿಂಗಿಗೆ. ಸೀಟ್ ಮಾತಾಡಿ ಆಯ್ತ್."

ಗಾಳಿಪಟ

ಮೊದಲ ಆಯ್ಕೆ ಪಂದ್ಯ ಬೋಪಾಲ್‌ನ ಆಚೆಯ ಮೈದಾನದಲ್ಲಿ, ಇಲ್ಲಿಯವರೆಲ್ಲ ತಾರಸಿ ಹತ್ತಿ ಗಾಳಿಪಟ ಹಾರಿಸುವ ಉತ್ತರಾಯಣದ ವಾರ. ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಅದರ ಮೇಲೆ ಆಕಾಶ ತುಂಬ ಪಟಗಳು, ಯಾರೋ ನಿದ್ದೆಯಲ್ಲಿ ಬಿಡಿಸಿದ ಚಿತ್ರದ ಹಾಗೆ.

ಬ್ಯಾಟ್ ಹಿಡಿದವಳು ಚೆಂಡನ್ನು ಎತ್ತಿ ಹೊಡೆದಳು. ಬೌಂಡರಿಯ ಬಳಿ ಇದ್ದ ಹುಡುಗಿ ಸರಿಯಾಗಿ ಅದರ ಕೆಳಗೆ ಬಂದು ನಿಂತಳು. ಅದೇ ಗಳಿಗೆಗೆ ಸುತ್ತಲಿನ ತಾರಸಿಗಳಿಂದ "ಕಾಪ್ಯೋ ಛೆ!" ಎಂಬ ಕೂಗು ಎದ್ದಿತು. ಯಾರದೋ ಪಟದ ದಾರವನ್ನು ಇನ್ಯಾರೋ ಕತ್ತರಿಸಿದ್ದರು. ಕೆಂಪು ಪಟವೊಂದು ತೂರಾಡುತ್ತ, ಅವಸರವೇ ಇಲ್ಲದೆ ಮೈದಾನಕ್ಕೆ ಇಳಿಯತೊಡಗಿತು. ಹುಡುಗಿ ಚೆಂಡನ್ನು ಬಿಟ್ಟು ಪಟದ ಕಡೆ ಓಡಿದಳು. ಚೆಂಡು ಅವಳ ಹಿಂದೆ ಧಪ್ ಎಂದು ಬಿತ್ತು. ಬ್ಯಾಟ್ ಮಾಡುತ್ತಿದ್ದ ಇಬ್ಬರೂ ಓಡಲಿಲ್ಲ, ಅವರೂ ಮೇಲೆ ನೋಡುತ್ತಿದ್ದರು. ಸ್ವಲ್ಪ ಹೊತ್ತು ಲೋಕದಲ್ಲಿ ಯಾರಿಗೂ ಏನೂ ಕೆಲಸವಿರಲಿಲ್ಲ.

ಒಬ್ಬಳಿಗೆ ಮಾತ್ರ ಇತ್ತು. ಭಟ್ಟರ ಮಗಳು ಸ್ಟಂಪಿನ ಹಿಂದೆ ಕೈಚಾಚಿ, "ಅರೇ, ಚೆಂಡು! ಚೆಂಡು ಎಸೀರೇ!" ಎಂದು ಒಂದೇ ಸಮ ಕೂಗುತ್ತಿದ್ದಳು. ಎಲ್ಲರೂ ಎಲ್ಲಿ ನೋಡಿದರೂ ನೀನು ಚೆಂಡು ನೋಡು ಎಂದು ನನ್ನ ಹೆಂಡತಿ ಹೇಳಿಕೊಡುತ್ತಿದ್ದದ್ದು ಪಾರ್ಕಿಂಗ್ ಜಾಗದಿಂದ ನಮ್ಮ ಮೂರನೇ ಮಹಡಿಗೂ ಕೇಳುತ್ತಿತ್ತು. ಆಯ್ಕೆದಾರರು ಇದನ್ನು ಗಮನಿಸಿದರೇ ಎಂದು ತಿರುಗಿದೆ. ಮೂವರ ಕತ್ತೂ ಮೇಲಕ್ಕೇ ಇತ್ತು.

ಓವರ್ ಮುಗಿದ ಮೇಲೆ ಅಂಪೈರ್ ಹತ್ತಿರ ಹೋಗಿ ಕೇಳಿದೆ: "ಆ ಚೆಂಡಿಗೆ ಏನಂತ ಬರೆಯಲಿ?"

"ಕ್ಯಾಚ್ ಹಿಡಿದಳಲ್ಲ!"

"ಹಿಡಿದದ್ದು ಪಟವನ್ನು, ಸರ್."

"ಮಾಸ್ತರ್‌ಜೀ, ಹಾಗೆ ಗಾಳಿಗೆ ಸಿಕ್ಕಿದ್ದನ್ನು ಹಿಡಿಯೋದು ಚೆಂಡಿಗಿಂತ ಕಷ್ಟ!"

ಆರನೇ ಟೇಬಲ್

ಎರಡನೇ ಆಯ್ಕೆ ಪಂದ್ಯ ವಡೋದರಾದಲ್ಲಿ; ಆಡಿದ ಎರಡು ಗುಂಪುಗಳಲ್ಲಿ ಒಂದನ್ನು ಅವತ್ತು ನಡೆಸಿದವರು ವಡೋದರಾ ತಂಡದ ಮಾಲೀಕರು, ಅಲ್ಲಿಯ ಅಲ್ಕಾಪುರಿಯಲ್ಲಿ ಹೋಟೆಲು ನಡೆಸುವ ನಮ್ಮ ಕರಾವಳಿಯವರು. ಮೈದಾನದ ಜಾಗಗಳ ಹೆಸರು ಅವರ ತಲೆಗೆ ಹತ್ತಲಿಲ್ಲ. "ಇದೆಂತ ಪಾಯಿಂಟು, ಕವರು, ಸ್ಲಿಪ್ಪು? ನನಗೆ ಆಗುವುದಿಲ್ಲ ಮಾರಾಯ್ರೆ" ಎಂದು, ಫೀಲ್ಡರು ನಿಲ್ಲುವ ಜಾಗಗಳಿಗೆಲ್ಲ ತಮ್ಮ ಹೋಟೆಲಿನ ಕ್ರಮದಲ್ಲೇ ಟೇಬಲ್ ನಂಬರ್ ಕೊಟ್ಟುಬಿಟ್ಟರು. ಬೌಂಡರಿ ಪಕ್ಕ ಕುರ್ಚಿ ಹಾಕಿಸಿಕೊಂಡು, ಅಡುಗೆಮನೆಗೆ ಆರ್ಡರ್ ಕೂಗುವ ದನಿಯಲ್ಲೇ ಶುರು ಮಾಡಿದರು: "ನಾಲ್ಕನೇ ಟೇಬಲ್ ಸ್ವಲ್ಪ ಮುಂದೆ! ಒಂಬತ್ತಕ್ಕೆ ಯಾರೂ ಇಲ್ಲವಾ? ಒಂದು ಸ್ಪಿನ್ ಕಳಿಸಿ, ಅರ್ಜೆಂಟ್!"

ಆಶ್ಚರ್ಯವೆಂದರೆ ಅದು ಕೆಲಸ ಮಾಡಿತು. ಎದುರು ತಂಡಕ್ಕೆ ಏನೂ ಅರ್ಥವಾಗಲಿಲ್ಲ. ಹತ್ತು ಓವರಿನಲ್ಲಿ ಐದು ವಿಕೆಟ್ ಬಿತ್ತು. ಆಮೇಲೆ ಬಂದ ಸ್ಥಳೀಯ ಹುಡುಗಿಯೊಬ್ಬಳು ಮಾತ್ರ ಅವರು ಕೂಗಿದ ಕಡೆಗೇ ಹೊಡೆಯತೊಡಗಿದಳು. "ಆರನೇ ಟೇಬಲ್ ಖಾಲಿ!" ಎಂದರೆ ಆರಕ್ಕೆ ಬೌಂಡರಿ. "ಎರಡು ಖಾಲಿ!" ಎಂದರೆ ಎರಡಕ್ಕೆ. ಪಂದ್ಯ ಸೋತ ಮೇಲೆ ಮಾಲೀಕರು ಹಣೆ ಚಚ್ಚಿಕೊಂಡರು: "ಈಗ ನೆನಪಾಯಿತು ನೋಡಿ, ಅವಳು ಪ್ರತಿ ಭಾನುವಾರ ಅಪ್ಪ ಅಮ್ಮನ ಜೊತೆ ನಮ್ಮಲ್ಲೇ ತಿನ್ನುವುದು. ಯಾವ ಟೇಬಲ್ ಎಲ್ಲಿ ಅಂತ ನನಗಿಂತ ಚೆನ್ನಾಗಿ ಗೊತ್ತು!"

ಅವರು ಮೆತ್ತಗಿರುವ ಹೊತ್ತು ನೋಡಿ ಭಟ್ಟರ ಮಗಳ ವಿಷಯ ಎತ್ತಿದೆ. ನನ್ನಿಂದ ಶಿಫಾರಸು ಎಂಬುದು ಆದದ್ದು ಅದೊಂದೇ ಸಲ.

"ಕೀಪರ್ ಇಬ್ಬರನ್ನು ಆಗಲೇ ನೋಡಿಟ್ಟಿದ್ದೇನೆ ಮಾಸ್ಟ್ರೇ. ನಮ್ಮ ದೋಸೆ ಕಲ್ಲಿಗೆ ಅವಳಪ್ಪ ಬರುವುದಾದರೆ ಹೇಳಿ, ಈಗಲೇ ತಗೊಳ್ತೇನೆ."

ಒಂಟಿ ಪೀಸು

ಕೊನೆಯ ಆಯ್ಕೆ ಸೂರತ್‌ನಲ್ಲಿ, ಸೀರೆ ಮಾರುಕಟ್ಟೆಯ ಮೇಲಿನ ಸಭಾಂಗಣದಲ್ಲಿ. ಪಟ್ಟಿಯಲ್ಲಿ ನಲವತ್ತಾರು ಹೆಸರು. ತಂಡಕ್ಕೆ ಹದಿನೈದರಂತೆ ಜಾಗ ನಲವತ್ತೈದು. ಮೂವರು ಮಾಲೀಕರು ಸರದಿಯಂತೆ ಒಬ್ಬೊಬ್ಬರನ್ನು ಆರಿಸಬೇಕು.

ಸೂರತ್‌ನ ಮಾಲೀಕರು ಸೀರೆಯ ಸಗಟು ವ್ಯಾಪಾರಿ. ಮೊದಲ ಸರದಿಗೇ ನಾಲ್ವರ ಕಡೆ ಬೆರಳು ತೋರಿಸಿದರು.

"ಒಬ್ಬಳೇ, ಸೇಠ್" ಎಂದೆ.

"ಬಿಡಿ ಪೀಸ್ ನಾವು ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ" ಎಂದರು. ಅವರ ವ್ಯಾಪಾರದಲ್ಲಿ ಸೀರೆ ಹೋಗುವುದು ಸೆಟ್ ಲೆಕ್ಕದಲ್ಲಿ. ಇಷ್ಟವಾದ ಒಂದನ್ನೇ ಎತ್ತಿಕೊಳ್ಳುವಂತಿಲ್ಲ. ಪ್ರತಿ ಸರದಿಗೂ ನಿಟ್ಟುಸಿರು ಬಿಡುತ್ತ ಒಬ್ಬೊಬ್ಬರನ್ನು ಆರಿಸಿದರು.

ನಲವತ್ತೈದನೆಯ ಸರದಿಯೂ ಅವರದೇ. ಉಳಿದಿದ್ದವರು ಇಬ್ಬರು: ಒಬ್ಬ ಬೌಲರ್, ಮತ್ತು ನಮ್ಮ ಹುಡುಗಿ. ಬೌಲರನ್ನು ಆರಿಸಿದರು. ಖಾಲಿ ಕುರ್ಚಿಗಳ ಸಾಲಿನಲ್ಲಿ ನಮ್ಮ ಹುಡುಗಿ ಒಬ್ಬಳೇ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಪಟ್ಟಿಯ ಕೆಳಗೆ ಗೆರೆ ಎಳೆಯಬೇಕಾದವನು ನಾನು. ಪೆನ್ಸಿಲ್ ಏಳಲಿಲ್ಲ.

"ಆ ಒಂದು ಪೀಸ್ ಯಾಕೆ ಉಳಿಯಿತು?" ಸೇಠ್ ಕೇಳಿದರು.

"ಜಾಗ ತುಂಬಿತು."

"ಒಂಟಿ ಪೀಸನ್ನು ಕಪಾಟಿನಲ್ಲಿ ಬಿಟ್ಟು ನಾನು ಇವತ್ತಿನವರೆಗೆ ಅಂಗಡಿ ಮುಚ್ಚಿದವನಲ್ಲ. ನಿಯಮ ಓದಿ, ಮಾಸ್ತರ್‌ಜೀ."

ನಾನೇ ಬರೆದ ನಿಯಮ ತೆರೆದೆ. 'ಪ್ರತಿ ತಂಡದಲ್ಲಿ ಹದಿನೈದಕ್ಕಿಂತ ಕಡಿಮೆ ಆಟಗಾರ್ತಿಯರು ಇರಬಾರದು.' ಹೆಚ್ಚೆಂದರೆ ಎಷ್ಟು ಎಂಬುದನ್ನು ನಾನು ಬರೆದೇ ಇರಲಿಲ್ಲ. ಇಂಥ ತಪ್ಪಿಗೆ ಮಕ್ಕಳ ಅರ್ಧ ಅಂಕ ಕಳೆಯುತ್ತ ಬಂದವನು ನಾನು. ಯಾವ ತಪ್ಪನ್ನೂ ಇಷ್ಟು ಸಂತೋಷದಿಂದ ಗಟ್ಟಿಯಾಗಿ ಓದಿದ್ದಿಲ್ಲ.

"ಸೇಠ್, ನಮಗೆ ಕೀಪರ್ ಆಗಲೇ ಇದ್ದಾಳೆ" ಎಂದರು ತಂಡದ ಕೋಚ್.

"ಒಂದೇ ಡಿಸೈನಿನಲ್ಲಿ ಎರಡು ಇರಲಿ. ಒಂದು ಹರಿದರೆ?"

ಹುಡುಗಿ ಎದ್ದು ಬಂದು ಸಹಿ ಹಾಕಿದಳು. ಪಟ್ಟಿಯ ಕೆಳಗೆ ನಾನು ಗೆರೆ ಎಳೆದೆ. ಕೋಚ್ ಇನ್ನೂ ಗೊಣಗುತ್ತಿದ್ದರು: "ಆಯಿತು, ಒಂದು ತಿಂಗಳು ನೋಡೋಣ. ಸರಿಬರದಿದ್ದರೆ ಮನೆಗೆ ಕಳಿಸೋಣ."

ಅವಳು ತಲೆಯೆತ್ತಿ, ಕೋಚ್ ಕಡೆ ನೋಡದೆ, ಸೇಠ್‌ಗೆ ಗುಜರಾತಿಯಲ್ಲಿ ನಿಧಾನವಾಗಿ ಹೇಳಿದಳು: "ಕಾಕಾ, ಮೆಟ್ಟಿಲು ಹತ್ತುವಾಗ ಕೆಳಗೆ ನಿಮ್ಮ ಅಂಗಡಿಯ ಬೋರ್ಡ್ ಓದಿಕೊಂಡೇ ಬಂದೆ. ಒಮ್ಮೆ ಹೋದ ಮಾಲನ್ನು ಯಾವ ಕಾರಣಕ್ಕೂ ವಾಪಸ್ ತಗೊಳ್ಳುವುದಿಲ್ಲ ಅಂತ ಬರೆಸಿದ್ದೀರಿ. ನಮ್ಮ ಮನೆಯಲ್ಲೂ ಅದೇ ನಿಯಮ."