ಹೊರಗಿನ ಸೀಟಿನ ಎಲೆಕ್ಟ್ರಾನ್

ಲೋಹದ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಧನ ಅಯಾನು ಆಗುತ್ತದೆ. ಇಷ್ಟೇ ಪಾಠ. ಸುರಪುರ ರಸ್ತೆಯ ನಮ್ಮ ಹಳ್ಳಿ ಪ್ರೌಢಶಾಲೆಯಲ್ಲಿ ಇದನ್ನು ಕಲಿಸಲು ನಿಂತಾಗಲೆಲ್ಲ ಏನಾದರೊಂದು ತಂಟೆ ಬಂದೇ ಬರುತ್ತದೆ. ಬರಲಿ, ನಾನೂ ಬಿಡುವವಳಲ್ಲ. ಈ ಸಲ ಮಾತ್ರ ಅದು ನನ್ನ ಕುರ್ಚಿಗೇ ಬಂತು.

೧. ಅತ್ತಿ

ಹತ್ತನೇ ತರಗತಿಯ ಹುಡುಗಿ ಎದ್ದು ನಿಂತಳು. "ಕಳಕೊಂಡ್ರ ಮೈನಸ್ ಆಗಬೇಕಲ್ರಿ ಮೇಡಂ, ಪ್ಲಸ್ ಹೆಂಗ ಆಯ್ತ್ರಿ?"

ಸೋಡಿಯಂನಲ್ಲಿ ಹನ್ನೊಂದು ಪ್ಲಸ್, ಹನ್ನೊಂದು ಮೈನಸ್. ಹೋದದ್ದು ಒಂದು ಮೈನಸ್, ಹಾಗಾಗಿ ಪ್ಲಸ್ ಒಂದು ಹೆಚ್ಚಾಯಿತು ಎಂದೆ.

"ಹಂಗಂದ್ರ ನಮ್ಮ ಅತ್ತಿ ಊರಿಗಿ ಹೋದ್ರ ಮನಿ ಪ್ಲಸ್ ಆದಂಗ್ರಿ."

ನಾನು ನಕ್ಕು ಭೇಷ್ ಅಂದುಬಿಟ್ಟೆ. ಆ ಅತ್ತೆ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವಾಕೆ, ಅಡುಗೆಮನೆ ಕಿಟಕಿಯಿಂದ ನನ್ನ ಪಾಠ ಕೇಳುತ್ತಾಳೆ ಎಂಬುದು ನೆನಪಾದದ್ದು ಮಧ್ಯಾಹ್ನ. ನನ್ನ ತಟ್ಟೆಯ ಸಾರಿನಲ್ಲಿ ಸೋಡಿಯಂ ಕ್ಲೋರೈಡ್ ಬೇಕಾದಷ್ಟಿತ್ತು.

೨. ಟಂಟಂ

ಯಾದಗಿರಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಸೋಡಿಯಂ ಎಲೆಕ್ಟ್ರಾನನ್ನು ಯಾಕೆ ಕೊಡುತ್ತದೆ ಎಂದು ಮಕ್ಕಳನ್ನು ಕೇಳಿದರು. ಇಡೀ ತರಗತಿ ನಾನು ಕಲಿಸಿದ್ದ ಶಹಾಪುರದ ಟಂಟಂ ಆಟೋ ಸ್ಟ್ಯಾಂಡಿನ ಕಥೆ ಹೇಳಿತು. ಎಂಟು ಮಂದಿ ತುಂಬದೆ ಟಂಟಂ ಹೊರಡುವುದಿಲ್ಲ. ಒಬ್ಬ ಡ್ರೈವರ್ ಹತ್ತಿರ ಒಂದೇ ಗಿರಾಕಿ, ಪಕ್ಕದವನಲ್ಲಿ ಏಳು. ಇನ್ನೂ ಏಳು ಮಂದಿಯನ್ನು ಕೂಗಿ ಕರೆಯುವ ಬದಲು ಆ ಒಂದನ್ನು ಪಕ್ಕದವನಿಗೆ ಕೊಟ್ಟು ಹಾಯಾಗಿ ಇರುವುದು ಸುಲಭ. ಸೋಡಿಯಂನ ಹೊರಸುತ್ತಿನಲ್ಲೂ ಒಂದೇ ಎಲೆಕ್ಟ್ರಾನ್, ಅದರ ಮೇಲೆ ನಡುವಿನ ನ್ಯೂಕ್ಲಿಯಸ್ಸಿನ ಹಿಡಿತವೂ ಸಡಿಲ.

ಪುಸ್ತಕದಲ್ಲಿ ಟಂಟಂ ಎಲ್ಲಿದೆ ಎಂದರು ಸಾಹೇಬರು. ಪುಸ್ತಕ ಬರೆದವರು ಶಹಾಪುರಕ್ಕೆ ಬಂದಿಲ್ಲ ಎಂದೆ. ಅವರು ಷರಾ ಬರೆದು ಹೋದರು: "ಪಾಠ ಉತ್ತಮ. ಆದರೆ ಟಂಟಂನಲ್ಲಿ ಎಂಟು ಮಂದಿ ನಿಯಮಬಾಹಿರ."

೩. ಹೆಚ್ಚುವರಿ

ಈ ವರ್ಷ, ಬೇರೆ ಶಾಲೆಗೆ ಕಳಿಸುವ ಹೆಚ್ಚುವರಿ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಶಾಲೆಯಲ್ಲಿ ವಿಜ್ಞಾನಕ್ಕೆ ಇರುವವಳೇ ನಾನೊಬ್ಬಳು! ಮೈಯೆಲ್ಲ ಉರಿದುಹೋಯಿತು. ಕೇಳಿಯೇ ಬಿಡೋಣವೆಂದು ಯಾದಗಿರಿಗೆ ಹೊರಟೆ. ಬಸ್ಸು ತಪ್ಪಿತು, ಖಾಲಿ ಟಂಟಂ ಹತ್ತಿ ಕೂತೆ.

ಡ್ರೈವರ್ ಬಂದು, ಪಕ್ಕದ ಗಾಡಿಯಲ್ಲಿ ಏಳು ಮಂದಿ ಆಗಿದ್ದಾರೆ, ಅಲ್ಲಿ ಕೂಡಿ ಎಂದ.

"ನಾ ಇಳ್ಯಂಗಿಲ್ಲ. ಇವತ್ತು ಯಾರ್ ಹೇಳಿದ್ರೂ ಜಾಗ ಬಿಡಂಗಿಲ್ಲ."

ಅಷ್ಟರಲ್ಲಿ ಪಕ್ಕದ ಗಾಡಿಯಿಂದ ಅದೇ ಬಿಸಿಯೂಟದ ಅತ್ತೆ ತಲೆ ಹೊರಹಾಕಿದಳು. ಜೊತೆಗೆ ಮಕ್ಕಳ ತಾಯಂದಿರು ಆರು ಮಂದಿ. "ಲಗು ಬರ್ರಿ ಮೇಡಂ, ನಿಮ್ಮ ಸಲುವಾಗೇ ಹೊಂಟೇವಿ. ಒಂದು ಸೀಟಿಗಿ ಗಾಡಿ ನಿಂತದ." ಕಣ್ಣು ಒರೆಸಿಕೊಂಡು ಇಳಿದೆ.

ಕಚೇರಿಯಲ್ಲಿ ಅದೇ ಸಾಹೇಬರು ಕೂತಿದ್ದರು. ಹೊರಗಿನದನ್ನು ಬಿಟ್ಟುಕೊಡಬೇಕೆಂದು ನೀವೇ ಕಲಿಸಿದ್ದೀರಲ್ಲ ಎಂದು ನಕ್ಕರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊರಗಿಂದು ಕೊಡ್ತೀವ್ರಿ ಸಾಹೇಬ್ರ. ಇವ್ರು ಹೊರಗಿನವ್ರಲ್ಲ, ನಡುವಿನವ್ರು. ನಡುವಿಂದು ಕಿತ್ತು ಕೊಟ್ಟ ಲೋಹ ಯಾವ್ದರ ಇದ್ರ ತೋರಸ್ರಿ."

ಸಾಹೇಬರು ನನ್ನ ವರ್ಗಾವಣೆ ಆದೇಶವನ್ನು ಮಡಚಿ ಡ್ರಾಯರಿಗೆ ಹಾಕಿದರು. ಅದು ಇನ್ನೂ ಅಲ್ಲೇ ಇದೆ, ನಾನೂ ಇಲ್ಲೇ ಇದ್ದೇನೆ. ಹೊರಡುವಾಗ, ಒಂದೇ ಟಂಟಂನಲ್ಲಿ ಎಂಟು ಮಂದಿ ಹೋಗಬೇಡಿ ಎಂದು ಎಚ್ಚರಿಸಿದರು.

ಸುಳ್ಳೇಕೆ, ಎಂಟು ಮಂದಿ ಹೋಗಲಿಲ್ಲ. ದಾರಿಯಲ್ಲಿ ಡ್ರೈವರ್ ಇನ್ನಿಬ್ಬರನ್ನು ಹತ್ತಿಸಿಕೊಂಡ, ಹತ್ತು ಮಂದಿ ಹೋದೆವು.