ಪೈಲವಾನಗ ದೆವ್ವ ಬಡದದ್ದು

ನಮ್ಮ ಕಲಘಟಗಿ ಕಡೆ ವರ್ಷಕ್ಕೊಮ್ಮೆ ಯಾವುದರೆ ಊರಾಗ ಹಾಡಹಗಲ ದೆವ್ವ ಕಂಡ ಸುದ್ದಿ ಹಬ್ಬತೈತಿ. ಕುಸ್ತಿ ಆಯ್ಕಿ ಹತ್ತರ ಬಂದಾಗ ಮಾತ್ರ ಹಬ್ಬತೈತಿ ಅನ್ನೂದು ನನಗಷ್ಟೇ ಗೊತ್ತು. ನಾ ಗರಡಿಮನಿ ವಸ್ತಾದ, ಪೈಲವಾನರಿಗೆ ಪಟ್ಟು ಕಲಿಸಾಂವ.

ಈ ಸಲ ತಂಬೂರ ಊರಿನ ನನ್ನ ಪೈಲವಾನ ಗೆದ್ದರ ಕ್ರೀಡಾ ಹಾಸ್ಟೆಲ್ಲಿನ ಸೀಟು ಸಿಗೂದಿತ್ತು. ಕೆಳಗಿನ ತೂಕದಾಗ ಆಡಿದ್ರ ಗೆಲ್ಲೂದು ಹಗುರ ಅಂತ ನಾನೇ ಹಟ ಹಿಡದೆ. ವಾರದಾಗ ಮೈ ಇಳೀಬೇಕು. ಮೊದಲ ಊಟ ಬಂದ್, ಆಮ್ಯಾಲ ನೀರೂ ಬಂದ್.

೧. ಗಾಣದಾಗಿನ ಕಂಬಳಿ

ಬೆವರು ಹರೀಲಿ ಅಂತ ಅವನ್ನ ಗಾಣದಾಗ ಬೆಲ್ಲ ಕಾಸೂ ಒಲಿ ಬಾಜು ಕುಂದರಿಸಿದ್ದೆ. ಎರಡು ಸ್ವೆಟರ್, ಮ್ಯಾಲ ರೇನ್‌ಕೋಟು, ಅದರ ಮ್ಯಾಲ ಕರೀ ಕಂಬಳಿ. ಸುಡುಸುಡು ಮಧ್ಯಾಹ್ನ ಗಾಣದ ಮಾಲಕರು ಒಳಗ ಬಂದ್ರು. ಯಾರೂ ಇಲ್ಲ, ಕಂಬಳಿ ಒಂದೇ ಉಸಿರಾಡಾಕತ್ತೈತಿ.

"ಯಾರಪಾ ಅದು?"

ಬಾಯಿ ಒಣಗಿದಾಂವ ಏನ ಮಾತಾಡ್ತಾನ? ಕಂಬಳಿ ಸರಿಸಿ ಸಾವಕಾಶ ಬೆಳ್ಳನ ನಾಲಿಗಿ ಹೊರಗ ಹಾಕಿದ.

ಮಾಲಕರು ಮಿಶ್ರಿಕೋಟಿ ರಸ್ತಾ ಹಿಡದು ಓಡಿದ್ರು. ಅವರ ಚಪ್ಪಲಿ ಇನ್ನೂ ಗಾಣದಾಗ ಅದಾವ.

೨. ನಳಕ್ಕ ಹಚ್ಚಿದ ಕಿವಿ

ಮರುದಿನ ಹುಡುಗನ ಮನಿಗೆ ಹೋದ್ರ ಆಂವ ಅಂಗಳದಾಗ ಒಣಗಿದ ನಳಕ್ಕ ಕಿವಿ ಹಚ್ಚಿ ಕುಂತಿದ್ದ. ಕಣ್ಣು ಒಳಗ ಹೋಗಿದ್ದುವು.

"ಬರಾಕತ್ತೈತ್ರಿ ವಸ್ತಾದ್ರ. ಸಾಲಿ ಕಡೆಯಿಂದ ಈ ಕಡೆ ತಿರುಗೇತಿ ಈಗ."

ತಿಂಗಳಾತು, ಆ ನಳ ನೀರು ಕಂಡಿರಲಿಲ್ಲ. ಅಷ್ಟರಾಗ ಬುಸ್ ಅಂತ ಗಾಳಿ ಬಿಟ್ಟು ನೀರು ಬಂತು ನೋಡ್ರಿ! ಆಂವ ಮುಟ್ಟಲಿಲ್ಲ, ನಕ್ಕೊಂತ ಕುಂತ.

ಗಲ್ಲಿ ಹೆಣ್ಮಕ್ಳಿಗೆ ಹೆದರಿಕಿ ಎಲ್ಲಿಂದ ಬರಬೇಕು? ಸಂಜಿಗೇ ಕೊಡಪಾನ ಹಿಡಕೊಂಡು ಕೇಳಾಕ ಬಂದ್ರು: "ತಮ್ಮಾ, ಮತ್ತ ಯಾವಾಗ ಬರತೈತಪಾ?"

೩. ಅಜ್ಜಾರ ಬೇವಿನ ತೊಪ್ಪಲ

ತೂಕ ನೋಡೂ ಹಿಂದಿನ ದಿನ ಹುಡುಗ ಕಟ್ಟಿ ಮ್ಯಾಲಿಂದ ಧೊಪ್ಪನ ಬಿದ್ದ. ಕೈಕಾಲು ತಣ್ಣಗಾಗಿದ್ದುವು. ಇಂವ ಸತ್ತರ ಏನ ಗತಿ ಅಂತ ನನಗ ಖರೇನ ಹೆದರಿಕಿ ಆತು. ಅವರವ್ವ ಡಾಕ್ಟರ್‌ಗಿಂತ ಮೊದಲ ದೆವ್ವ ಬಿಡಿಸೂ ಅಜ್ಜಾರನ್ನ ಕರೆಸಿದಳು. ಅವರು ಬೇವಿನ ತೊಪ್ಪಲ ಬೀಸಿ ಕೇಳಿದ್ರು:

"ಏನ ಬೇಕು ನಿನಗ?"

"ನೀರು."

"ಬಾವಿ ಪಾಲಾದ ಜೀವ ಇದು!" ಅಂದ್ರು ಅಜ್ಜಾರು. ತಂಬಿಗಿ ಮ್ಯಾಲ ತಂಬಿಗಿ ಖಾಲಿ ಆತು.

"ಮತ್ತೇನ?"

"ಶಿರಾ. ತುಪ್ಪ ಜಾಸ್ತಿ."

ಒಂದು ಬೋಗಾಣಿ ಶಿರಾ ಹೋತು. ನನ್ನ ಕಣ್ಣ ಮುಂದ ತೂಕ ಏರಾಕತ್ತಿತ್ತು.

"ಯಾರ ಕಳಿಸ್ಯಾರ ನಿನ್ನ?"

ಹುಡುಗನ ಕೈಬಟ್ಟು ಸೀದಾ ನನ್ನ ಕಡೆ ಬಂತು. ಅವ್ವ ಕಸಬರಗಿ ತಗೊಂಡಳು.

"ಬಿಟ್ಟು ಹೋಗಾಕ ಏನ ಮಾಡಬೇಕು?"

ಆಗ ಒಂದು ದನಿ ಬಂತ್ರಿ. ಅದು ಅವನ ದನಿ ಅಲ್ಲ. ಯಾರೋ ಮುದುಕಿ ಬಾವಿಯೊಳಗಿಂದ ಮಾತಾಡಿದಂಗ ಇತ್ತು. "ಮ್ಯಾಲಿನ ತೂಕದಾಗ ಆಡಸಂತ ವಸ್ತಾದಗ ಹೇಳು."

ವಿಭೂತಿ ಮುಟ್ಟಿ ಆಣಿ ಮಾಡಿದೆ. ಮಾಡಲಿಲ್ಲಂದ್ರ ಕಸಬರಗಿ ಬಿಡ್ತಿರಲಿಲ್ಲ. ಡಾಕ್ಟರ್ ಬಂದು ನೋಡಿ, ಇನ್ನೊಂದು ದಿನ ನೀರಿಲ್ಲದ ಇಟ್ಟಿದ್ರ ಹುಡುಗ ಉಳೀತಿರಲಿಲ್ಲ ಅಂತ ನನ್ನ ಚಲೋತ್ನ್ಯಾಗ ಬೈದ್ರು.

ಮ್ಯಾಲಿನ ತೂಕದಾಗ ಆಡಿದ, ಗೆದ್ದ, ಸೀಟೂ ಸಿಕ್ತು. ಬರೂಮುಂದ ಬಸ್ಸಿನ್ಯಾಗ ಬೆನ್ನು ಚಪ್ಪರಿಸಿ ಕೇಳಿದೆ: "ಭಾರಿ ನಾಟಕ ಮಾಡಿದೆಲೇ ಮಗನ. ಆ ಮುದುಕಿ ದನಿ ಎಲ್ಲಿ ಕಲ್ತಿ?"

"ಯಾವ ದನಿ? ನೀರು ಕೇಳಿದ್ದಷ್ಟೇ ನೆಪ್ಪೈತ್ರಿ ನನಗ."

"ಹಂಗಾರ ಬೋಗಾಣಿ ಶಿರಾ ತಿಂದಾಂವ ಯಾರು?"

ಅವನ ಮುಖ ಬಿಳಿಚಿತು. "ಶಿರಾನೂ ಮಾಡಿದ್ರೇನ್ರಿ? ನನಗ ಒಂದು ತುತ್ತೂ ಕೊಡಲಿಲ್ಲಲ್ರಿ!"